ಸಣ್ಣಕ್ಷರದ ತಿದ್ದುಪಡಿ

ಕತ್ತರಿ ಅಕ್ಕನ ಬಲಗೈ ಮೇಲೇಳದೆ ಎರಡು ತಿಂಗಳಾಗಿತ್ತು. ಪತ್ರಿಕಾ ಕಚೇರಿಯಲ್ಲಿ ಹೊರದೇಶದ ಸುದ್ದಿಗಳ ಪುಟ ನೋಡಿಕೊಳ್ಳುತ್ತಿದ್ದ ಅವಳಿಗೆ ಆ ಹೆಸರು ಬಂದದ್ದು, ಎಷ್ಟೇ ಉದ್ದದ ಸುದ್ದಿಯನ್ನಾದರೂ ಎರಡು ಸಾಲಿಗೆ ಇಳಿಸುವ ಕೈಚಳಕದಿಂದ. ಈಗ ಆ ಕೈಗೇ ಗ್ರಹಚಾರ ವಕ್ರಿಸಿತ್ತು. ಹೆಗಲು ಮರಗಟ್ಟಿ ತಲೆ ಬಾಚಿಕೊಳ್ಳಲೂ ಆಗುತ್ತಿರಲಿಲ್ಲ. ಪಾಪ, ಗಂಡನೇ ದಿನಾ ಬೆಳಿಗ್ಗೆ ಜಡೆ ಹೆಣೆದು ಕಳಿಸುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಅದು ಬಿಚ್ಚಿ ಹರಡಿಕೊಳ್ಳುತ್ತಿತ್ತು. ಕಚೇರಿಯವರು ಮುಸಿಮುಸಿ ನಕ್ಕರೆ, ನಿಮ್ಮ ಮನೆಯವರ ಕೈಯಲ್ಲೂ ಒಮ್ಮೆ ಹಾಕಿಸಿಕೊಂಡು ಬನ್ನಿ, ಆಮೇಲೆ ನಗುವಿರಂತೆ ಎಂದು ಅವರ ಬಾಯಿ ಮುಚ್ಚಿಸುತ್ತಿದ್ದಳು.

ವಾರಕ್ಕೆರಡು ಸಲ, ಕೆಲಸ ಶುರುವಾಗುವ ಮೊದಲು, ಬಸ್ ನಿಲ್ದಾಣದ ಎದುರಿನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹೋಗುವುದು ರೂಢಿಯಾಯಿತು. ಅಲ್ಲಿನ ಡಾಕ್ಟರಮ್ಮ ಬೇರೆ ದೇಶದಿಂದ ಬಂದು ನೆಲೆಸಿದವಳು. ಇಲ್ಲಿನ ಭಾಷೆಯನ್ನು ಪೇಪರ್ ಓದಿಯೇ ಕಲಿತಿದ್ದಳು. ಪೇಪರಿನವರೇ ಕೈಗೆ ಸಿಕ್ಕ ಮೇಲೆ ಬಿಡುತ್ತಾಳೆಯೇ? ಅಕ್ಕನ ಕೈಯನ್ನು ಮೆಲ್ಲಗೆ ಮೇಲೆತ್ತುತ್ತಾ ಪ್ರತಿ ಸಲವೂ ಒಂದು ಪದದ ಅರ್ಥ ಕೇಳುತ್ತಿದ್ದಳು. 'ಕಕ್ಕಾಬಿಕ್ಕಿ' ಅಂದರೇನು, 'ಪಿಗ್ಗಿ ಬೀಳುವುದು' ಅಂದರೆ ಎಲ್ಲಿಂದ ಬೀಳುವುದು ಎಂದೆಲ್ಲ. ಅಕ್ಕ ವಿವರಿಸುವುದರಲ್ಲಿ ಮೈಮರೆತಾಗ ಕೈ ಇನ್ನೂ ಎರಡು ಬೆರಳು ಮೇಲಕ್ಕೆ ಹೋಗಿರುತ್ತಿತ್ತು.

ಹಾಗೆ ಮಾತಿಗೆ ಮಾತು ಬೆಳೆದು ಡಾಕ್ಟರಮ್ಮನ ಸೋದರಮಾವನ ಕಥೆಗಳೂ ಬಂದವು. ಅವಳನ್ನು ಸಾಕಿ ಓದಿಸಿದವನು ಅವನೇ. ಅವಳ ದೇಶದ ಊರಿನ ಮಾರುಕಟ್ಟೆಯಲ್ಲಿ ಅವನದೊಂದು ಕನ್ನಡಕದ ಅಂಗಡಿ. ಹೊಸ ಕನ್ನಡಕ ಸರಿಹೊಂದುತ್ತದೋ ಇಲ್ಲವೋ ಎಂದು ನೋಡಲು ಗಿರಾಕಿಯ ಕೈಗೆ ಅಂದಿನ ಪೇಪರ್ ಕೊಡುತ್ತಿದ್ದನಂತೆ. ಅವರು ತಲೆಬರಹ ಓದಲು ಹೊರಟರೆ ಅಲ್ಲೇ ತಡೆಯುತ್ತಿದ್ದನಂತೆ. ಡಾಕ್ಟರಮ್ಮ ಗಂಟಲು ದಪ್ಪ ಮಾಡಿಕೊಂಡು ಮಾವನ ಹಾಗೆಯೇ ಹೇಳಿ ತೋರಿಸುತ್ತಿದ್ದಳು: "ದಪ್ಪಕ್ಷರ ಎಲ್ರಿಗೂ ಕಾಣ್ಸುತ್ತೆ. ಕೆಳಗಡೆ ಸಣ್ಣದಾಗಿದೆಯಲ್ಲ, ಅದನ್ನ ಓದಿ ನೋಡೋಣ." ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಎಡಗೈಯಲ್ಲಿ.

ಆ ನಡುವೆ ಜಗತ್ತಿಗೆಲ್ಲ ಗೊತ್ತಿರುವ ಒಂದು ದೊಡ್ಡ ನಗರದ ಕೆಫೆಯಲ್ಲಿ ಉಗ್ರರು ಬಾಂಬಿಟ್ಟರು. ಅಕ್ಕ ಹೆಗಲುನೋವನ್ನೂ ಲೆಕ್ಕಿಸದೆ ದುಡಿದಳು. ಮುಖಪುಟವಿಡೀ ಅದೇ. ಸತ್ತವರ ಮುಖ, ಅವರ ಕೆಲಸ, ಅವರ ಮದುವೆಯ ಮಾತುಕತೆ, ಕೊನೆಗೆ ಒಡೆಯನಿಗಾಗಿ ಬಾಗಿಲಲ್ಲಿ ಕಾದಿದ್ದ ಬೆಕ್ಕಿನ ಸುದ್ದಿ ಕೂಡ. ಇಲ್ಲಿ ನಮ್ಮೂರಿನವರೂ ಚೌಕದ ಕಾರಂಜಿಯ ಬಳಿ ಮೇಣದಬತ್ತಿ ಹಚ್ಚಿಟ್ಟರು. ಡಾಕ್ಟರಮ್ಮನೂ ಹೋಗಿ ಒಂದು ಹಚ್ಚಿಬಂದಳು. ಕೆಫೆಯ ಹೆಸರಿನಲ್ಲಿ ಒಂದು ದೀರ್ಘ ತಪ್ಪಿಹೋಗಿದ್ದಕ್ಕೆ ಓದುಗರು ದಿನವಿಡೀ ಫೋನ್ ಮಾಡಿ ಅಕ್ಕನ ಜೀವ ತಿಂದರು.

ಅದಾದ ವಾರಕ್ಕೆ, ಪುಟ ಮುಗಿಸುವ ಹೊತ್ತಿಗೆ, ಇನ್ನೊಂದು ಸ್ಫೋಟದ ಸುದ್ದಿ ಬಂತು. ಸದಾ ಹೊತ್ತಿ ಉರಿಯುತ್ತಲೇ ಇರುವ ದೇಶವೆಂದು ಎಲ್ಲರೂ ಕೈಬಿಟ್ಟಿದ್ದ ಒಂದು ದೇಶದ ಮಾರುಕಟ್ಟೆಯಲ್ಲಿ. ಅಂಥ ಸುದ್ದಿಗೆಂದೇ ಅಕ್ಕನ ಕಂಪ್ಯೂಟರಿನಲ್ಲಿ ಒಂದು ಅಚ್ಚು ಸಿದ್ಧವಿತ್ತು: ಊರಿನ ಹೆಸರು, ಅದರ ಮುಂದೆ 'ಮತ್ತೆ ಸ್ಫೋಟ', ಅದರ ಮುಂದೆ ಸತ್ತವರ ಸಂಖ್ಯೆ, ಕೆಳಗೆ ಎರಡು ಸಾಲು. ಅಕ್ಕ ಸಂಖ್ಯೆಯನ್ನು ಅಳಿಸಿ ಮೂವತ್ತೊಂದು ಎಂದು ಹಾಕಿದಳು. ಊರಿನ ಹೆಸರು ಬದಲಿಸುವುದನ್ನು ಮರೆತಳು. ಹಿಂದಿನ ತಿಂಗಳು ಸ್ಫೋಟವಾಗಿದ್ದ ಊರಿನ ಹೆಸರೇ ಅಚ್ಚಾಗಿ ಹೋಯಿತು. ಅವಳು ಮನೆಗೆ ಹೋಗಿ ಉಂಡು ಸುಖವಾಗಿ ಮಲಗಿದಳು.

ಮರುದಿನ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಅಕ್ಕನ ಹೆಗಲಿಗೆ ಬಿಸಿಯ ಚೀಲವಿಟ್ಟಳು, ತೆಗೆದಳು, ಕೈ ಎತ್ತಿಸಿದಳು. ಅವಳ ಕಣ್ಣುಗಳು ಊದಿಕೊಂಡಿದ್ದವು. ನೆಗಡಿಯಿರಬೇಕು ಎಂದುಕೊಂಡ ಅಕ್ಕ, ಇವತ್ತು ಯಾವ ಪದವೂ ಇಲ್ಲವೇ ಎಂದು ಕೆಣಕಿದಳು.

"ಒಂದಿದೆ ಅಕ್ಕ," ಎಂದಳು ಡಾಕ್ಟರಮ್ಮ. "'ಮತ್ತೆ'. ಅಂದ್ರೆ ಇನ್ನೊಂದು ಸಲ ಅಂತ, ಅಲ್ವಾ?"

"ಹೌದು. ಅದು ನಿಮಗೆ ಗೊತ್ತಿರೋ ಪದವೇ ಅಲ್ವಾ?"

"ನಮ್ಮ ಮಾವ ಒಂದೇ ಸಲ ಸತ್ತಿದ್ದು ಅಕ್ಕ."

ಅಕ್ಕನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಡಾಕ್ಟರಮ್ಮ ಅವಳ ಕೈಯನ್ನು ಬಿಡದೆಯೇ ಉಳಿದದ್ದನ್ನು ಹೇಳಿದಳು. ಮಾವನ ಮಗ ಬೆಳಗಿನ ಜಾವ ಫೋನ್ ಮಾಡಿದ್ದ. ಅಲ್ಲಿಗೆ ವಿಮಾನಗಳ ಓಡಾಟ ನಿಂತುಹೋಗಿತ್ತು, ಹೋಗುವಂತಿರಲಿಲ್ಲ. ಮನೆಯಲ್ಲಿ ಒಬ್ಬಳೇ ಕೂರಲಾರದೆ ಕ್ಲಿನಿಕ್ ತೆರೆದಿದ್ದಳು. ಪೇಪರಿನಲ್ಲಿ ಊರಿನ ಹೆಸರೂ ಅವಳ ಊರಿನದಾಗಿರಲಿಲ್ಲ.

"ನಿಮ್ಮನ್ನ ಬಯ್ತಾ ಇಲ್ಲ," ಎಂದಳು. "ಆ ಕೆಫೆಯವರಿಗಾಗಿ ನಾನೂ ಅತ್ತಿದ್ದೀನಿ. ಅವರದ್ದು ಕಮ್ಮಿ ಮಾಡಿ ಅಂತಾನೂ ಹೇಳ್ತಿಲ್ಲ. ಪೇಪರಲ್ಲಿ ನಮ್ಮ ಮಾವನ್ನ ಹುಡುಕಿದೆ. ಸಿಗ್ಲಿಲ್ಲ, ಅಷ್ಟೇ."

ಅಕ್ಕನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ಮುಖ ನೋಡದಿದ್ದರೂ ಆ ಮಾವ ಅವಳಿಗೂ ಎರಡು ತಿಂಗಳಿಂದ ಪರಿಚಯದವನೇ ಆಗಿದ್ದ. ಎಡಗೈಯಲ್ಲಿ ಡಾಕ್ಟರಮ್ಮನನ್ನು ಬಳಸಿ ಹಿಡಿದುಕೊಂಡಳು. ಇಬ್ಬರೂ ಒಂದಿಷ್ಟು ಹೊತ್ತು ಅತ್ತರು.

ಕಚೇರಿಗೆ ಬಂದವಳೇ ಅಕ್ಕ ಸಂಪಾದಕರ ಕೋಣೆಗೆ ನುಗ್ಗಿದಳು. ಎಲ್ಲರೂ 'ದೊಡ್ಡವರು' ಎಂದು ಕರೆಯುತ್ತಿದ್ದ ಅವರು ಕೆಟ್ಟವರಲ್ಲ; ಅಳೆದೂ ಸುರಿದೂ ಮಾತಾಡುವ ಮನುಷ್ಯ. ಎಲ್ಲ ಕೇಳಿಸಿಕೊಂಡು ನಿಟ್ಟುಸಿರಿಟ್ಟರು. ನನ್ನದೇನು ಕಲ್ಲೆದೆಯಲ್ಲ ಎಂದರು. ಆದರೆ ಆ ದೇಶದಲ್ಲಿ ತಿಂಗಳಿಗೊಂದು ಸ್ಫೋಟ. ಆ ಊರುಗಳ ಹೆಸರು ಓದುಗರ ನಾಲಗೆಯಲ್ಲಿ ಹೊರಳುವುದಿಲ್ಲ. ಕೆಫೆಯಿದ್ದ ನಗರವನ್ನಾದರೆ ಜನ ಸಿನಿಮಾದಲ್ಲಾದರೂ ನೋಡಿರುತ್ತಾರೆ, ಕರುಳು ಮಿಡಿಯುತ್ತದೆ. "ಇವತ್ತು ಒಂದಕ್ಕೆ ಜಾಗ ಕೊಟ್ರೆ ನಾಳೆ ಇನ್ನೊಂದಕ್ಕೂ ಕೊಡ್ಬೇಕಮ್ಮ. ಎಲ್ಲಿಂದ ತರ್ಲಿ?"

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ತಾನೂ ಇಷ್ಟು ವರ್ಷ ಅದನ್ನೇ ಹೇಳಿಕೊಂಡು ಬಂದಿದ್ದೆ ಎಂಬುದು ಅಕ್ಕನಿಗೆ ಗೊತ್ತಿತ್ತು.

"ಸರಿ ಸರ್, ಜಾಗದ ಮಾತು ಬಿಡಿ," ಎಂದಳು. "ಕೆಫೆ ಹೆಸರಲ್ಲಿ ಒಂದು ದೀರ್ಘ ಹೋದಾಗ ಫೋನ್ ಕೆಳಗಿಡೋಕೆ ಬಿಟ್ಟಿರ್ಲಿಲ್ಲ. ನಿನ್ನೆ ನಾನು ಊರನ್ನೇ ತಪ್ಪು ಹಾಕಿದ್ದೀನಿ. ಒಂದಾದ್ರೂ ಫೋನ್ ಬಂತಾ?"

ದೊಡ್ಡವರು ಮೇಜಿನ ಮೇಲಿದ್ದ ಫೋನನ್ನು ನೋಡಿದರು. ಅದು ಬೆಳಗಿನಿಂದ ಸುಮ್ಮನೆ ಬಿದ್ದಿತ್ತು.

"ತಪ್ಪಾಗಿದ್ರೆ ತಿದ್ದುಪಡಿ ಹಾಕ್ಲೇಬೇಕು," ಎಂದರು ಕೊನೆಗೆ. "ಎರಡನೇ ಪುಟ, ಕೆಳಗಡೆ, ಮಾಮೂಲಿ ಸಣ್ಣಕ್ಷರ."

"ಎಷ್ಟುದ್ದ ಸರ್?"

"ತಪ್ಪು ಎಷ್ಟುದ್ದ ಇದೆಯೋ ಅಷ್ಟು."

ಅಕ್ಕ ಡಾಕ್ಟರಮ್ಮನಿಗೆ ಫೋನ್ ಮಾಡಿ, ಮಾವನ ವಿಷಯ ಬರೆಯಲೇ ಎಂದು ಕೇಳಿದಳು. ಬರೆಯಿರಿ ಎಂದ ಡಾಕ್ಟರಮ್ಮ ಮಾತಾಡುತ್ತಾ ಹೋದಳು, ನಡುವೆ ಅತ್ತಳು, ಮಾವ ತನ್ನ ಕನ್ನಡಕವನ್ನೇ ಎಲ್ಲೋ ಇಟ್ಟು ಅಂಗಡಿಯೆಲ್ಲ ತಡಕಾಡುತ್ತಿದ್ದುದನ್ನು ಹೇಳುವಾಗ ನಕ್ಕಳು ಕೂಡ. ಆಮೇಲೆ ಅಕ್ಕ ಆ ಸಿದ್ಧ ಅಚ್ಚನ್ನು ಕಂಪ್ಯೂಟರಿನಿಂದ ಅಳಿಸಿಹಾಕಿ ಹೊಸದಾಗಿ ಕುಟ್ಟತೊಡಗಿದಳು. ಹೆಗಲು ಚುಳುಕ್ಕೆಂದರೂ ನಿಲ್ಲಿಸಲಿಲ್ಲ. ಮೊದಲು ಊರಿನ ಸರಿಯಾದ ಹೆಸರು ಬರೆದು, ಮುಂದೆ ಹೀಗೆ ಬರೆದಳು:

'ಸ್ಫೋಟ ನಡೆದದ್ದು ಈ ಊರಿನಲ್ಲಿ. ನಿನ್ನೆ ಬೇರೆ ಹೆಸರು ಅಚ್ಚಾಗಿತ್ತು. ತಲೆಬರಹದ "ಮತ್ತೆ" ಎಂಬ ಪದವೂ ತಪ್ಪು. ಅಲ್ಲಿ ಸತ್ತವರಲ್ಲಿ ಯಾರೂ ಹಿಂದೊಮ್ಮೆ ಸತ್ತವರಲ್ಲ. ಅವರಲ್ಲೊಬ್ಬರು ಕನ್ನಡಕದ ಅಂಗಡಿಯವರು...'

ಅಲ್ಲಿಂದ ಮುಂದೆ ಮಾವನ ಅಂಗಡಿ, ಅವನ ಹುಡುಕಾಟ, ಅವನು ಗಿರಾಕಿಗಳಿಗೆ ಸಣ್ಣಕ್ಷರ ಓದಿಸುತ್ತಿದ್ದ ಬಗೆ, ಸಾಕಿ ಓದಿಸಿದ ಸೋದರಸೊಸೆ ಎಲ್ಲವೂ ಬಂದವು. ಯಾವುದನ್ನೂ ಕತ್ತರಿಸಲಿಲ್ಲ. ಪುಟ ನೋಡಲು ಬಂದ ದೊಡ್ಡವರು ಅದನ್ನು ಎರಡು ಸಲ ಓದಿದರು. ಪೆನ್ನಿನ ಮುಚ್ಚಳ ತೆಗೆದಾಗ, ಇನ್ನು ಇದರ ಕಥೆ ಮುಗಿಯಿತು ಎಂದುಕೊಂಡಳು ಅಕ್ಕ. ಅವರು ಕೊನೆಯಲ್ಲಿ ಒಂದು ಸಾಲು ಸೇರಿಸಿ ಎದ್ದು ಹೋದರು: 'ಉಳಿದ ಮೂವತ್ತು ಮಂದಿಯ ವಿವರಗಳನ್ನು ದೊರೆತಂತೆ ಪ್ರಕಟಿಸಲಾಗುವುದು.'

ಮರುದಿನ ಕಚೇರಿಗೆ ಫೋನ್ ಕರೆಗಳು ಬಂದವು. ನಮಗ್ಯಾಕ್ರೀ ಯಾರದೋ ಮಾವನ ಪುರಾಣ ಎಂದು ಒಬ್ಬರು ರೇಗಿದರು. ಸಣ್ಣಕ್ಷರ ಓದಿ ಕಣ್ಣು ನೋವು ಬಂತು ಎಂದು ಇನ್ನೊಬ್ಬರು ದೂರಿದರು; ಆದರೂ ಪೂರ್ತಿ ಓದಿದ್ದರು. ಒಬ್ಬ ಅಜ್ಜಿ, ಉಳಿದವರದು ಯಾವತ್ತು ಹಾಕ್ತೀರಿ ಎಂದು ಕೇಳಿದರು. ಸಂಜೆ ಕಾರಂಜಿಯ ಬಳಿ ಯಾರೋ ಒಂದು ಮೇಣದಬತ್ತಿಯನ್ನೂ ಅದರ ಪಕ್ಕದಲ್ಲಿ ಒಂದು ಹಳೆಯ ಕನ್ನಡಕವನ್ನೂ ಇಟ್ಟು ಹೋಗಿದ್ದರು.

ಮುಂದಿನ ಸರದಿಗೆ ಅಕ್ಕ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದಾಗ, ಒಳಗೆ ಯಾರೋ ಓದುತ್ತಿರುವುದು ಕೇಳಿಸಿತು. ಮಂಡಿನೋವಿನ ಮುದುಕರೊಬ್ಬರು ಬೆಂಚಿನ ಮೇಲೆ ಕೂತು, ಹಳೆಯ ಸಂಚಿಕೆಯ ಎರಡನೇ ಪುಟವನ್ನು ಕೈಯುದ್ದಕ್ಕೆ ಹಿಡಿದು, ಕಣ್ಣು ಕಿರಿದು ಮಾಡಿಕೊಂಡು, ಪಕ್ಕದವರಿಗಾಗಿ ಆ ತಿದ್ದುಪಡಿಯನ್ನು ಒಂದೊಂದೇ ಪದವಾಗಿ ಜೋರಾಗಿ ಓದುತ್ತಿದ್ದರು. ಸರದಿ ಅವರದೇ ಆಗಿದ್ದರೂ ಡಾಕ್ಟರಮ್ಮ ಕರೆಯದೆ ಬಾಗಿಲಿಗೊರಗಿ ನಿಂತಿದ್ದಳು. ಅಕ್ಕನನ್ನು ಕಂಡು, ಸದ್ದು ಮಾಡಬೇಡಿ ಎಂದು ತುಟಿಗೆ ಬೆರಳಿಟ್ಟಳು.

"ಮಾವ ಇದ್ದಿದ್ರೆ," ಎಂದಳು ಪಿಸುಮಾತಿನಲ್ಲಿ, ಒದ್ದೆ ಕಣ್ಣಲ್ಲೇ ನಗುತ್ತಾ, "ಈ ಅಜ್ಜನಿಗೆ ಇವತ್ತೇ ಒಂದು ಕನ್ನಡಕ ಮಾರಿಬಿಡ್ತಿದ್ದ."

ಮುದುಕರು ಕೊನೆಯ ಸಾಲು ಮುಗಿಸುವವರೆಗೂ ಇಬ್ಬರೂ ಅಲ್ಲೇ ನಿಂತಿದ್ದರು.