ಪಕ್ಕದ ಸೀಟಿನ ಬ್ರೇಕು

ಬೆಟ್ಟದ ಉದ್ಯಾನದ ಗೇಟು ತಲುಪುವಷ್ಟರಲ್ಲಿ ಮೇಷ್ಟ್ರು ಏಳು ಸಲ ಬ್ರೇಕ್ ಒತ್ತಿದ್ದರು. ಅವರ ಹೆಂಡತಿ ಏಳನ್ನೂ ಎಣಿಸಿಟ್ಟುಕೊಂಡಿದ್ದಳು.

ಹಾಗೆಂದು ಮೇಷ್ಟ್ರೇನೂ ಕಾರು ಓಡಿಸುತ್ತಿರಲಿಲ್ಲ. ಓಡಿಸುತ್ತಿದ್ದವಳು ಅವಳೇ. ಆದರೆ ಅದು ಡ್ರೈವಿಂಗ್ ಸ್ಕೂಲಿನ ಹಳೇ ಕಾರು. ಕಲಿಯುವವರು ಕೈಕಾಲು ಬಿಟ್ಟಾಗ ಕಲಿಸುವವರು ನಿಲ್ಲಿಸಲೆಂದು ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್ ಇರುತ್ತದಲ್ಲ, ಅದು ಇದರಲ್ಲೂ ಇತ್ತು. ಎರಡು ಬ್ರೇಕುಗಳ ನಡುವೆ ಒಂದು ಕಬ್ಬಿಣದ ಸರಳು; ಒಂದನ್ನು ಒತ್ತಿದರೆ ಇನ್ನೊಂದೂ ಕೆಳಗೆ ಹೋಗುತ್ತಿತ್ತು. ಸ್ಕೂಲು ಮುಚ್ಚಿ ಎಂಟು ತಿಂಗಳಾಗಿತ್ತು. ಕಾರಿನ ನೆತ್ತಿಯ ಬೋರ್ಡು ಇಳಿದು ಅದರ ಜಾಗದಲ್ಲಿ ನಾಲ್ಕು ತೂತು ಉಳಿದಿದ್ದವು. ಬ್ರೇಕನ್ನು ಮಾತ್ರ ತೆಗೆಸಲು ಮೇಷ್ಟ್ರು ಬಿಟ್ಟಿರಲಿಲ್ಲ. ಮೂವತ್ತೊಂದು ವರ್ಷ ಆ ಸೀಟಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂತ ಮನುಷ್ಯ, ಸುಲಭಕ್ಕೆ ಬಿಟ್ಟಾರೇ?

ಗೇಟಿನ ಗೂಡಿನಿಂದ ಹಸಿರು ಟೋಪಿಯ ಕಾವಲುಗಾರ್ತಿ ತಲೆ ಹೊರಗೆ ಹಾಕಿದಳು. "ಇವತ್ತೇ ಕೊನೇ ದಿನ. ಮೇಲೆ ಇನ್ನೇನು ಹಿಮ ಶುರುವಾಗುತ್ತೆ, ನಾಳೆಯಿಂದ ರಸ್ತೆ ಮುಚ್ತೀವಿ. ಇನ್ನು ತೆಗೆಯೋದು ಚಳಿಗಾಲ ಮುಗಿದ ಮೇಲೆ. ಮೂರೂವರೆಗೆ ತುದಿ ಬಿಟ್ಟು ಇಳಿಯೋಕೆ ಶುರು ಮಾಡ್ಬೇಕು. ಮರದ ಕೆಳಗೆಲ್ಲ ಒದ್ದೆ ಎಲೆ ಇರುತ್ತೆ, ಜೋರಾಗಿ ಬ್ರೇಕ್ ಹಾಕ್ಬೇಡಿ."

"ನನಗ್ಯಾಕೆ ಹೇಳ್ತೀರಮ್ಮ, ಇವರಿಗೆ ಹೇಳಿ" ಎಂದಳು ಹೆಂಡತಿ.

ಕಾವಲುಗಾರ್ತಿ ಸ್ಟಿಯರಿಂಗ್ ಇಲ್ಲದ ಕಡೆ ಕೂತ ಮೇಷ್ಟ್ರನ್ನು ಒಂದು ಸಲ ನೋಡಿ, ಏನೂ ಅರ್ಥವಾಗದೆ ಚೀಟಿ ಹರಿದುಕೊಟ್ಟಳು.

ಗೇಟು ದಾಟಿದ ಮೇಲೆ ಹೆಂಡತಿ ಕಾರನ್ನು ಪಕ್ಕಕ್ಕೆ ನಿಲ್ಲಿಸಿದಳು. "ನೋಡಿ, ಒಂದೇ ಮಾತು. ಇನ್ನೊಂದು ಸಲ ಆ ಕಾಲು ಅಲ್ಲಾಡಿದ್ರೆ ಕಾರು ತಿರುಗಿಸ್ಕೊಂಡು ಮನೆಗೆ. ಆಮೇಲೆ ಈ ಜನ್ಮದಲ್ಲಿ ಸ್ಟಿಯರಿಂಗ್ ಮುಟ್ಟಲ್ಲ."

"ಆಯ್ತು ತಾಯಿ."

"ಕಾಲು ಎಲ್ಲಿದೆ?"

"ನೆಲದ ಮೇಲೆ."

"ನೋಡಿ ಹೇಳಿ."

ಮೇಷ್ಟ್ರು ಬಗ್ಗಿ ನೋಡಿದಂತೆ ಮಾಡಿದರು.

ಅವಳು ಸುಮ್ಮನೆ ಹೆದರಿಸುವ ಪೈಕಿ ಅಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಮೇಷ್ಟ್ರೇ ಅವಳಿಗೆ ಕಲಿಸಲು ಹೊರಟಿದ್ದರು. ಮೂರನೇ ದಿನ ನಾಲ್ಕು ರಸ್ತೆ ಸೇರುವಲ್ಲಿ ಗಂಟಲು ಹರಿಯುವಂತೆ ಕೂಗಾಡಿದರು. ಅವಳು ಗಾಡಿಯನ್ನು ರಸ್ತೆಯ ನಡುವೆಯೇ ಬಿಟ್ಟು ಇಳಿದು ಮನೆಗೆ ನಡೆದುಬಿಟ್ಟಳು. ಇಪ್ಪತ್ತೇಳು ವರ್ಷ ಅವಳು ಸ್ಟಿಯರಿಂಗಿನ ತಂಟೆಗೆ ಬರಲಿಲ್ಲ. ಊರಿಗೆಲ್ಲ ಕಲಿಸಿದವರ ಹೆಂಡತಿ ಬಸ್ಸಿನಲ್ಲಿ ಓಡಾಡುತ್ತಾಳೆ ಎಂದು ನೆಂಟರೆಲ್ಲ ನಕ್ಕರು. ಈ ವರ್ಷ ಕಣ್ಣಿನ ಡಾಕ್ಟರು ಮೇಷ್ಟ್ರಿಗೆ ಗಾಡಿ ಮುಟ್ಟಕೂಡದು ಎಂದ ಮಾರನೇ ದಿನವೇ ಅವಳು ಎದುರು ಬೀದಿಯ ಸ್ಕೂಲಿಗೆ ಹೋಗಿ ಹೆಸರು ಬರೆಸಿದಳು. ಅದನ್ನು ನಡೆಸುತ್ತಿದ್ದವನು ಮೇಷ್ಟ್ರ ಹಳೇ ಶಿಷ್ಯ. ಮೇಷ್ಟ್ರು ಎರಡು ವಾರ ಮುಖ ಊದಿಸಿಕೊಂಡಿದ್ದರು.

ಡಾಕ್ಟರು ಹೇಳಿದ್ದು ಅಷ್ಟೇ ಅಲ್ಲ. ಉಳಿದದ್ದನ್ನು ಮೇಷ್ಟ್ರು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದರು. ನೋಟದ ನಡುಭಾಗ ಮಸುಕಾಗುತ್ತಾ ಹೋಗುತ್ತದೆ, ಅಂಚು ಉಳಿಯುತ್ತದೆ; ಹೋದದ್ದು ವಾಪಸ್ ಬರುವುದಿಲ್ಲ; ಬಹುಶಃ ಮುಂದಿನ ಬೇಸಿಗೆಗೆ ಎದುರಿಗೆ ನಿಂತವರ ಮುಖ ತಿಳಿಯುವುದಿಲ್ಲ. ಮನೆಯಲ್ಲಿ ಅವರು ಹೇಳಿದ್ದು ಬೇರೆ: "ಆರು ತಿಂಗಳು ಔಷಧಿ ಹಾಕಿದ್ರೆ ಸರಿ ಹೋಗುತ್ತಂತೆ." ಅವಳು ಅದನ್ನು ನಂಬಿ, ದಿನಕ್ಕೆ ಮೂರು ಹೊತ್ತು ಅವರ ಗಲ್ಲ ಎತ್ತಿ ಹಿಡಿದು ಕಣ್ಣಿಗೆ ಹನಿ ಹಾಕುತ್ತಿದ್ದಳು.

ಎಲೆ ಕೆಂಪಾಗುವ ಈ ಹತ್ತು ದಿನದಲ್ಲಿ ಬೆಟ್ಟದ ತುದಿಗೊಮ್ಮೆ ಹೋಗಬೇಕು ಎಂದು ಅವರು ಹಟ ಹಿಡಿದದ್ದು ಅದಕ್ಕೇ. ಅವಳಿಗೆ ಇದು ಸುಮ್ಮನೆ ಒಂದು ಸುತ್ತಾಟ. ಅವರಿಗೆ ಇದೇ ಕೊನೆಯದು.

ರಸ್ತೆ ಏರುತ್ತಾ ಹೋಯಿತು. ಕಿಟಕಿಯಾಚೆ ಕೆಂಪು, ಅರಿಶಿನ, ಇಟ್ಟಿಗೆಯ ಬಣ್ಣ ಸರಸರನೆ ಹಿಂದಕ್ಕೆ ಓಡುತ್ತಿತ್ತು. ಅಂಚಿನಲ್ಲಿ ಎಲ್ಲವೂ ಸ್ಪಷ್ಟ. ನೇರ ಮುಂದೆ ನೋಡಿದರೆ ಮಾತ್ರ ಹೆಬ್ಬೆರಳು ಒತ್ತಿದ ಗಾಜಿನ ಹಾಗೆ ಬೂದಿ ಬೂದಿ. ಅವಳು ತಿರುವಿಗೆ ಮುಂಚೆ ಗೇರ್ ಇಳಿಸುತ್ತಿದ್ದ ರೀತಿಗೆ ತಪ್ಪು ಹೇಳುವಂತಿರಲಿಲ್ಲ. ತಪ್ಪು ಸಿಗದೇ ಇದ್ದದ್ದು ಮೇಷ್ಟ್ರಿಗೆ ಸ್ವಲ್ಪ ಬೇಜಾರೇ ಆಯಿತು.

ಅರ್ಧ ದಾರಿಯಲ್ಲಿ, ದಟ್ಟ ಮರಗಳ ಕೆಳಗಿನ ಒಂದು ತಿರುವು ದಾಟುತ್ತಿದ್ದಂತೆ, ರಸ್ತೆಯ ಮೇಲೆ ಕಂದು ಬಣ್ಣದ ಏನೋ ಬಿದ್ದುಕೊಂಡಿತ್ತು. ಪ್ರಾಣಿ ಎಂದುಕೊಂಡರು ಮೇಷ್ಟ್ರು. ಎಂದುಕೊಳ್ಳುವುದಕ್ಕೂ ಮುಂಚೆ ಕಾಲು ತನ್ನ ಕೆಲಸ ಮಾಡಿತ್ತು. ಸಾವಿರಾರು ಜನಕ್ಕೆ "ಬ್ರೇಕನ್ನ ತುಳೀಬೇಡಿ, ಅದಕ್ಕೆ ಮೆಲ್ಲಗೆ ಹೇಳಿ. ಒಂದ್ಸಲ, ಇನ್ನೊಂದ್ಸಲ, ಆಮೇಲೆ ನಿಲ್ಸಿ" ಎಂದು ಪಾಠ ಮಾಡಿದ ಅದೇ ಕಾಲು ಬ್ರೇಕನ್ನು ಪಟ್ಟನೆ ತುಳಿಯಿತು. ಕಾರು ಒದ್ದೆ ಎಲೆಗಳ ಮೇಲೆ ಜಾರಿತು. ಹಿಂಬದಿ ಕಣಿವೆಯ ಕಡೆಗೆ ಹೊರಳಿತು. ಅವಳು ಸ್ಟಿಯರಿಂಗನ್ನು, ಕಲಿತ ಹಾಗೆ, ಜಾರಿದ ಕಡೆಗೇ ತಿರುಗಿಸಿ "ಕಾಲು ತೆಗೀರಿ" ಎಂದಳು. ಅವರು ತೆಗೆದರು. ಕಾರು ನೆಟ್ಟಗಾಗಿ, ಆ ಕಂದು ವಸ್ತುವಿನ ಮೇಲೆಯೇ ಹಾದು, ಮುಂದೆ ರಸ್ತೆ ಬದಿಯ ಗಾಡಿ ನಿಲ್ಲಿಸುವ ಜಾಗದಲ್ಲಿ ನಿಂತಿತು.

ಅವಳು ಕನ್ನಡಿಯಲ್ಲಿ ಹಿಂದೆ ನೋಡಿದಳು.

"ಎಲೆ ರೀ ಅದು" ಎಂದಳು. "ಬರೀ ಎಲೆ ರಾಶಿ."

"ಪ್ರಾಣಿ ಮಲಗಿದೆ ಅಂದ್ಕೊಂಡೆ."

"ಹಾಡಹಗಲಲ್ಲಿ, ಕಣ್ಣೆದುರಿಗೆ." ಅವಳು ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆ ಎಳೆದಳು. "ಹೇಳಿದ್ದೆ ತಾನೆ? ಮನೆಗೆ."

ಸುಮ್ಮನಿದ್ದರೆ ಸುಳ್ಳು ಉಳಿಯುತ್ತಿತ್ತು. ಬೆಟ್ಟದ ತುದಿ ಮಾತ್ರ ಕೈತಪ್ಪುತ್ತಿತ್ತು.

"ವಾಪಸ್ ಬೇಡ."

"ಮುಂದಿನ ವರ್ಷ ಬಂದ್ರಾಯ್ತು. ಮರ ಎಲ್ಲಿಗೂ ಓಡಿ ಹೋಗಲ್ಲ."

"ಮರ ಹೋಗಲ್ಲ. ಕಣ್ಣು ಹೋಗುತ್ತೆ."

ಆಮೇಲೆ ಎಲ್ಲವನ್ನೂ ಹೇಳಿದರು. ಡಾಕ್ಟರು ಹೇಳಿದ ಮಾತುಗಳನ್ನು ಹೇಳಿದ ಹಾಗೆಯೇ, ಪಾಠ ಒಪ್ಪಿಸುವವರಂತೆ, ಎದುರಿನ ಗಾಜನ್ನು ನೋಡುತ್ತಾ ಹೇಳಿದರು. ಅವಳು ಎಂಜಿನ್ ಆರಿಸಿದಳು.

"ಮತ್ತೆ ನಾನು ದಿನಾ ಹಾಕ್ತಿದ್ದೆನಲ್ಲ, ಆ ಔಷಧಿ?"

"ಅದು ಕಣ್ಣು ಒಣಗದ ಹಾಗೆ ಹಾಕೋದು. ಅಷ್ಟೇ."

"ಮೂರು ಹೊತ್ತೂ ಗಡಿಯಾರ ನೋಡ್ಕೊಂಡು ಹಾಕಿದೀನಿ. ಅಕ್ಕನ ಮಗಳ ಮದುವೇಲೂ ಒಳಗೆ ಕರ್ಕೊಂಡು ಹೋಗಿ ಹಾಕಿದೀನಿ. ನೀವು ಬೆಪ್ಪನ ಹಾಗೆ ತಲೆ ಎತ್ತಿ ಕೂತಿದ್ರಿ. ಯಾಕ್ರೀ?"

"ನೀನು ಗಲ್ಲ ಹಿಡ್ಕೊಂಡಾಗ ಹೇಳೋಕೆ ಆಗ್ಲಿಲ್ಲ."

ಅವಳಿಗೆ ಅಳು ಬಂತು. ಸೆರಗು, ಕರವಸ್ತ್ರ ಏನನ್ನೂ ಹುಡುಕದೆ, ಬರಿಗೈಯಲ್ಲಿ ಒರೆಸಿಕೊಳ್ಳುತ್ತಾ ಅತ್ತಳು. ಮೇಷ್ಟ್ರಿಗೆ ತಮ್ಮ ಮೇಲೆ ತಮಗೇ ಅಸಹ್ಯವಾಯಿತು. ಆಮೇಲೆ ಅವಳು ಮೂಗು ಒರೆಸಿಕೊಂಡು ಗಡಿಯಾರ ನೋಡಿದಳು. ಮೂರಕ್ಕೆ ಹತ್ತು ನಿಮಿಷ. ಎಂಜಿನ್ ಹಚ್ಚಿದಳು. ಕಾರನ್ನು ತಿರುಗಿಸಲಿಲ್ಲ, ಮೇಲಕ್ಕೆ ಬಿಟ್ಟಳು.

"ಜಗಳ ಮನೇಲಿ" ಎಂದಳು. "ಈಗ ಎಡಗಡೆ ನೋಡಿ, ಬೇಗ."

ತುದಿಯಲ್ಲಿ ಗಾಳಿ ತಣ್ಣಗೆ ಕೊರೆಯುತ್ತಿತ್ತು. ಅಂಚಿನ ಕಂಬಿಬೇಲಿಯ ಕೆಳಗೆ ಕಣಿವೆಗೆ ಕಣಿವೆಯೇ ಕೆಂಪು, ನಡುನಡುವೆ ಉದುರಿ ಬೋಳಾದ ಮರಗಳ ಬೂದಿ ಬಣ್ಣ. ಮೇಷ್ಟ್ರು ಕತ್ತನ್ನು ಆ ಕಡೆ ಈ ಕಡೆ ಹೊರಳಿಸುತ್ತಾ, ಕಣ್ಣಿನ ಅಂಚಿನಿಂದ ತುಂಡು ತುಂಡಾಗಿ ಎಲ್ಲವನ್ನೂ ನೋಡಿಕೊಂಡರು. ನೋಡಿದಷ್ಟೂ ಸಾಲದು ಅನ್ನಿಸಿತು. ಆಮೇಲೆ ಅವಳ ಕಡೆ ತಿರುಗಿ, ಇನ್ನೂ ಸ್ವಲ್ಪ ಪಕ್ಕಕ್ಕೆ ಕಣ್ಣು ನೆಟ್ಟು, ಬಹಳ ಹೊತ್ತು ನಿಂತರು.

"ಅಲ್ಲೇನು ನೋಡ್ತಿದ್ದೀರಿ?"

"ನಿನ್ನನ್ನೇ."

"ಅಲ್ಲಿ ಕಸದ ಡಬ್ಬ ಇದೆ."

"ಅದನ್ನ ನೋಡಿದ್ರೇನೇ ನೀನು ಕಾಣೋದು."

ಅವಳು ಹಾರುತ್ತಿದ್ದ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು, ಫೋಟೋಗೆ ನಿಂತವಳಂತೆ ನೆಟ್ಟಗೆ ನಿಂತಳು. ಅವರು ಕಸದ ಡಬ್ಬವನ್ನು ನೋಡುತ್ತಲೇ ಇದ್ದರು.

ಮೂರೂವರೆಗೆ ಇಳಿಯಲು ಶುರು ಮಾಡಿದರು. ಇಳಿಜಾರಿನಲ್ಲಿ ಮೇಷ್ಟ್ರು ಕಾಲನ್ನು ಮತ್ತೆ ಬ್ರೇಕಿನ ಮೇಲಿಟ್ಟರು. ಒತ್ತಬೇಕೆಂದಲ್ಲ, ಅದು ಅಲ್ಲಿರದಿದ್ದರೆ ಎಲ್ಲಿಡಬೇಕೆಂದು ತೋಚಲಿಲ್ಲ. ದಟ್ಟ ಮರಗಳ ಆ ತಿರುವಿಗೆ ಬಂದಾಗ ಕಾಲಿನ ಕೆಳಗೆ ಬ್ರೇಕು ತಾನಾಗಿಯೇ ಕುಸಿಯಿತು. ಮೆಲ್ಲಗೆ ಒಂದು ಸಲ. ಇನ್ನೊಂದು ಸಲ. ಆಮೇಲೆ ಪೂರ್ತಿ. ಕಾರು ಒಂದಿಷ್ಟೂ ಜಾರದೆ ಎಲೆಗಳ ಮೇಲೆ ನಿಂತಿತು. ಎದುರಿಗೆ ಅವರಿಗೆ ಏನೂ ಕಾಣಲಿಲ್ಲ.

"ಏನು?"

"ಜಿಂಕೆ. ಹಿಂದೆ ಮರಿ ಇದೆ, ತಾಳಿ."

ಅವು ರಸ್ತೆ ದಾಟಿ ಪಕ್ಕದ ಪೊದೆಗೆ ಹೋಗುವಾಗ ಮೇಷ್ಟ್ರ ಕಣ್ಣಿನ ಅಂಚಿಗೆ ಸಿಕ್ಕವು. ಮರಿಯ ಬೆನ್ನಿಗೆ ಒಂದು ಕೆಂಪು ಎಲೆ ಅಂಟಿಕೊಂಡಿತ್ತು.

"ಯಾರು ಹೇಳಿಕೊಟ್ಟದ್ದು, ಹಾಗೆ ನಿಲ್ಲಿಸೋದು?"

"ನಿಮ್ಮ ಶಿಷ್ಯ. ಅವನಿಗೆ ಯಾರು ಹೇಳಿಕೊಟ್ರೋ ಏನೋ." ಅವಳು ಗೇರ್ ಹಾಕಿ, ತಟ್ಟನೆ ಕೆಳಗೆ ನೋಡಿದಳು. "ಕಾಲು ಎಲ್ಲಿದೆ?"

"ಬ್ರೇಕಿನ ಮೇಲೆ." ಈ ಸಲ ಸುಳ್ಳು ಹೇಳಲಿಲ್ಲ. "ಒತ್ತಲ್ಲ."

"ಒತ್ತದೇ ಇದ್ರೆ ಅಲ್ಲಿ ಯಾಕೆ?"

"ನೀನು ಒತ್ತಿದಾಗ ಗೊತ್ತಾಗುತ್ತೆ, ಮುಂದೆ ಏನೋ ಇದೆ ಅಂತ."

ಕಾರು ಇಳಿಯತೊಡಗಿತು. ಸ್ವಲ್ಪ ದೂರ ಹೋದ ಮೇಲೆ ಬ್ರೇಕು ಮೇಷ್ಟ್ರ ಪಾದದ ಕೆಳಗೆ ಹಗುರಾಗಿ ಇಳಿದು ಮೇಲೆದ್ದಿತು.

"ತಿರುವು" ಎಂದರು ಮೇಷ್ಟ್ರು.

"ಹೂಂ, ತಿರುವು" ಎಂದಳು ಅವಳು.