ಟ್ಯಾಂಕಿನ ಮೇಲಿನ ನಗ್ಗು

ಮೋಟಾರ್‌ಸೈಕಲ್ ವ್ಯಾಪಾರಿ ತೀರಾ ನಯವಾಗಿ ಮಾತಾಡುತ್ತಿದ್ದ. ಅವಳಿಗೆ ಅನುಮಾನ ಶುರುವಾದದ್ದೇ ಅಲ್ಲಿಂದ.

ಅವನ ಶೆಡ್ಡಿನಲ್ಲಿ ನಿಂತಿದ್ದ ಹಳೇ ಗಾಡಿ ಅವಳ ತಾತನದೇ ಅಂತೆ. ತಾತ ಅದನ್ನು ಮಾರಿ ಎಷ್ಟೋ ಕಾಲವಾಗಿತ್ತು. ಗುರುತಿಗೆ ಉಳಿದದ್ದು ಮನೆಯ ಗೋಡೆ ಮೇಲಿನ ಒಂದೇ ಫೋಟೋ: ಗಾಡಿ ಏರಿ ಕೂತ ತಾತ, ಎಂಜಿನ್ ಕಾಣದಂತೆ ಮುಂದೆ ಸಾಲಾಗಿ ನಿಂತ ಮಕ್ಕಳು, ಟ್ಯಾಂಕಿನ ಮೇಲೊಂದು ನಗ್ಗು. ಆ ಮಕ್ಕಳಲ್ಲಿ ಈಗ ಉಳಿದಿದ್ದವರು ದೊಡ್ಡಪ್ಪ ಒಬ್ಬರೇ. ಹಳೇ ಗಾಡಿಗಳನ್ನು ಅವುಗಳ ಕತೆ ಸಮೇತ ಕೊಳ್ಳುವ ಗಿರಾಕಿಯೊಬ್ಬ ಮರುದಿನ ಬರುವವನಿದ್ದ. ದೊಡ್ಡಪ್ಪ ಅವನ ಎದುರು ನಿಂತು "ಹೌದು, ಇದು ನಮ್ಮಪ್ಪನ ಗಾಡಿ" ಅಂದರೆ ಸಾಕು, ಅದರ ಬೆಲೆ ಎಲ್ಲಿಗೋ ಹೋಗುತ್ತಿತ್ತು. ಈ ಸುದ್ದಿ ತಂದವನು ಅವಳ ಅಣ್ಣ.

"ನೋಡಿ ಯಜಮಾನ್ರೇ," ವ್ಯಾಪಾರಿ ಟ್ಯಾಂಕಿನ ಎಡಗಡೆಯ ನಗ್ಗಿನ ಮೇಲೆ ಬೆರಳಿಟ್ಟ.

ದೊಡ್ಡಪ್ಪನ ಕಣ್ಣು ತುಂಬಿ ಬಂತು. "ಗೇಟಿಗೆ ಗುದ್ದಿಸಿದ್ದು ನಾನೇ ಕಣಮ್ಮಾ. ಅಪ್ಪ ಬಾರಿಸಿದ್ದು ಇನ್ನೂ ಬೆನ್ನಲ್ಲಿ ಚುರುಗುಟ್ಟುತ್ತೆ."

ಅವಳು ಗೋಡೆಯಿಂದ ಇಳಿಸಿ ತಂದಿದ್ದ ಫೋಟೋವನ್ನು ಚೀಲದಿಂದ ತೆಗೆದು ಗಾಡಿಯ ಪಕ್ಕ ಹಿಡಿದಳು. ನಗ್ಗು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ತಾಳೆಯಾಯಿತು. ಅದೇ ಅವಳಿಗೆ ಸರಿಬರಲಿಲ್ಲ. ಗಾಡಿಯನ್ನು ಬಿಟ್ಟು ತಾತನನ್ನು ನೋಡಿದಳು. ಅಂಗಿಯ ಜೇಬು ಬಲಗಡೆ ಇತ್ತು.

"ದೊಡ್ಡಪ್ಪಾ, ತಾತ ಬಲಗಡೆ ಜೇಬು ಇಡಿಸ್ಕೊಳ್ತಿದ್ರಾ?"

"ಬಲಗಡೆ ಯಾರು ಇಡಿಸ್ಕೊಳ್ತಾರೆ, ಹುಚ್ಚು ಹುಡುಗಿ!"

"ಹಾಗಾದ್ರೆ ಈ ಫೋಟೋನೇ ಎಡ ಬಲ ಅದಲುಬದಲಾಗಿ ಅಚ್ಚಾಗಿದೆ. ನಿಜವಾದ ನಗ್ಗು ಬಲಗಡೆ ಇರ್ಬೇಕು. ಇವರು ಫೋಟೋ ನೋಡ್ಕೊಂಡು ಸುತ್ತಿಗೆಯಲ್ಲಿ ಬಡಿದಿದ್ದಾರೆ."

ವ್ಯಾಪಾರಿಯ ಮುಖ ಹುಳ್ಳಗಾಯಿತು. "ಅಯ್ಯೋ, ಹಳೇ ಫೋಟೋನ ನಂಬಕ್ಕಾಗುತ್ತಾ ಮೇಡಂ..."

"ನೀವು ನಂಬಿದ್ರಲ್ಲ! ನಮ್ಮನೆ ಗೋಡೆ ಮೇಲಿದ್ದದ್ದು ನಿಮ್ಮ ಕೈಗೆ ಹೇಗೆ ಬಂತು?"

ಅವನ ಕಣ್ಣು ಬಾಗಿಲ ಕಡೆ ಹೊರಳಿತು. ಅಲ್ಲಿ ಅಣ್ಣ ಮೊಬೈಲಿನಲ್ಲಿ ಮುಖ ಹುದುಗಿಸಿ ನಿಂತಿದ್ದ.

"ಒಂದು ಫೋಟೋ ಕಳಿಸಿದ್ರೆ ಯಾರ ಗಂಟು ಹೋಗುತ್ತೆ ಅಂದ್ಕೊಂಡೆ," ಎಂದು ಗೊಣಗಿದ.

ದೊಡ್ಡಪ್ಪ ತಮ್ಮ ಬಲ ಮೊಣಕಾಲನ್ನು ಮೆಲ್ಲಗೆ ಸವರಿಕೊಂಡರು. "ಹೌದು... ಗೇಟು ತಗುಲಿದ್ದು ಈ ಕಾಲಿಗೇ." ಆಮೇಲೆ ಅಣ್ಣನ ಕಡೆ ತಿರುಗಿದರು. "ನಿನ್ನೆಯೆಲ್ಲಾ ಕೂತು ಅಪ್ಪನ ಕತೆ ಹೇಳಿಸ್ಕೊಂಡ್ಯಲ್ಲೋ. ಪರವಾಗಿಲ್ಲ, ಇವನಿಗೂ ಕೇಳೋ ಮನಸ್ಸು ಬಂತು ಅಂತ ನಾನು ಹಿಗ್ಗಿದ್ದೆ."

ಅಣ್ಣ ಜೇಬಿನಿಂದ ಕಾರಿನ ಕೀ ತೆಗೆದ.

ದೊಡ್ಡಪ್ಪ ಅವಳ ತೋಳು ಹಿಡಿದು ಬೀದಿಗಿಳಿದರು. ಬಂದಿದ್ದು ಅಣ್ಣನ ಕಾರಿನಲ್ಲಿ. ಅದು ಹಿಂದೆಯೇ ನಿಧಾನವಾಗಿ ಬಂದು ಹಾರ್ನ್ ಮಾಡಿತು. ದೊಡ್ಡಪ್ಪ ತಿರುಗಿಯೂ ನೋಡದೆ, ಕುಂಟುತ್ತಾ ಬಸ್‌ಸ್ಟಾಪಿನ ಕಡೆ ನಡೆದರು.