ಬ್ಲೀಚ್ ಹಾಕುವ ಮುನ್ನ

ಹುಳಿ, ಹೌದು, ಅದೇ ಹುಳಿ, ಪ್ರಯೋಗಶಾಲೆಯ ಪಾತ್ರೆ ತೊಳೆಯುವ ಹನುಮವ್ವ ಗಾಜಿನ ಸೀಸೆಯ ಬಾಯಿಗೆ ಮೂಗು ಇಟ್ಟಳು, ಗಂಡನ ಅಂಗಿಯ ವಾಸನೆ, ಪಣಜಿಯ ಬೇಕರಿಯಲ್ಲಿ ಮೂವತ್ತು ವರ್ಷ ಪಾವ್ ಬ್ರೆಡ್ಡಿನ ಹಿಟ್ಟು ನಾದಿದವನ ಅಂಗಿ, ತೊಳೆದು ತೊಳೆದು ಮಾಂಡವಿ ನದಿಯೇ ಅರ್ಧ ಖಾಲಿಯಾಯಿತು, ವಾಸನೆ ಹೋಗಲಿಲ್ಲ, ಅವನು ಹೋದ ಮೇಲೆ ಹೋಯಿತು — ಅಜ್ಜಿ, ಮೂಗ ಹಚ್ಚಬ್ಯಾಡ್ರಿ, ಬ್ಲೀಚ್ ಹಾಕ್ರಿ, ಅಶ್ವಿನಿ ಅಂದಳು, ಪ್ರಯೋಗಶಾಲೆಯ ಹುಡುಗಿ, ಧಾರವಾಡದವಳು, ಸೀಸೆಯೊಳಗಿನ ಯೀಸ್ಟನ್ನು ಹೆತ್ತ ಕೂಸಿನಂತೆ ನಾಲ್ಕು ವರ್ಷ ಸಾಕಿದವಳು, ಇಂದು ಅವಳ ಕೆಲಸ ಮುಗಿಯಿತು, ಇದೇ ಕೊನೆಯ ಸೀಸೆ, ಬ್ಲೀಚ್ ಬಿದ್ದರೆ ಯೀಸ್ಟ್ ಸಾಯುತ್ತದೆ, ವಾಸನೆಯೂ. ಹಾಕ್ತೀನಿ ತಾಯಿ, ಹಡಿಯಾಕ ಹೊಂಟಾಕಿ ಹಂಗ ಅವಸರ ಮಾಡ್ತಿ. ಈ ಹುಡುಗಿಯೇ ಒಮ್ಮೆ ಹೇಳಿದ್ದು, ಚಹಾ ಕುಡಿಯುತ್ತ, ಜೀನ್ ಅಂದ್ರ ಬರದಿಟ್ಟ ಪಾಠ ಅಜ್ಜಿ, ಅದರ ತಲಿಮ್ಯಾಲ ಒಂದಿಷ್ಟು ಪ್ರೋಟೀನು ಬಂದು ಕುಂದರಬೇಕು, ಆಮ್ಯಾಲ ನಕಲು ಇಳಸೂದು ಶುರು, ಕುಂದರಲಿಲ್ಲಂದ್ರ ಬರದದ್ದು ಬರದಂಗ ಉಳೀತೈತಿ, ಯೀಸ್ಟಿನಾಗೂ ಅವು ಅದಾವು, ನಿಮ್ಮೊಳಗೂ ಅದಾವು, ಭಾಳ ಹೋಲ್ತಾವು. ಹಂಗಾರ ಈ ಹುಳಿನೀರು ನಮ್ಮ ಬೀಗರು ಅನ್ನು, ಲಗ್ನಕ್ಕ ಕರೀಬೇಕಿತ್ತಲ್ಲ, ಹುಡುಗಿ ಚಹಾ ಚೆಲ್ಲುವಷ್ಟು ನಕ್ಕಳು, ಆದರೆ ಹನುಮವ್ವನೊಳಗೆ ಅಂದಿನಿಂದ ಆ ಮಾತು ಕಚ್ಚಿಕೊಂಡಿದೆ, ಬರೆದದ್ದು ಬರೆದಂತೆ, ತನ್ನೊಳಗೂ ಒಂದಿದೆಯಲ್ಲ, ಗಂಡನ ಹೆಸರು, ಕೈಹಿಡಿದ ದಿನದಿಂದ ಒಮ್ಮೆಯೂ ಬಾಯಿಂದ ಇಳಿಯದ್ದು, ಹೆಂಡತಿ ಹೆಸರು ಹಿಡಿದರೆ ಗಂಡನ ಆಯುಷ್ಯ ಕಡಿಮೆ, ಅವ್ವ ಹೇಳಿದ್ದಳು, ರೇಷನ್ ಅರ್ಜಿಗೂ ಪಕ್ಕದ ಮನೆಯ ಖಾತುನಳಿಂದ ಹೇಳಿಸಿದಳು, ಅರ್ಜಿ ಬರೆಯುವವನು ಖಾತುನಳನ್ನೇ ಹೆಂಡತಿ ಎಂದು ಬರೆದುಬಿಟ್ಟ — ಗಂಡ ಬೇಕರಿಯ ಮೆಟ್ಟಿಲ ಮೇಲೆ, ರೆಪ್ಪೆಯ ತುಂಬ ಮೈದಾ, ನಗುತ್ತಿದ್ದಾನೆ, ಒಮ್ಮಿ ನನ್ನ ಹೆಸರ ಹಿಡದು ಕರಿ, ಕೇಳೂಣು, ಹುಚ್ಚ ಹಿಡದೈತೇನ್ರಿ ನಿಮಗ, ಮೂರು ಲೋಕಕ್ಕೆ ಕೇಳುವಂತೆ ಬೈದಳು, ಕರೆಯಲಿಲ್ಲ, ಆಯುಷ್ಯ ಉಳಿಸಿದೆ ಅಂದುಕೊಂಡಳು, ಅವನು ಹೋಗಿಯೇಬಿಟ್ಟ, ಇನ್ನು ಯಾರ ಆಯುಷ್ಯ ಕಾಯುವುದು, ಈಗಲಾದರೂ, ಈ ವಾಸನೆ ಇರುವಾಗಲೇ — ಅಜ್ಜಿ, ಹಾಕಿದ್ರೇನು, ಹಾಕಾಕತ್ತೇನವ್ವ, ನೀ ಆ ಕಡಿ ನೋಡು, ನಾಚಿಕಿ ಬರ್ತೈತಿ ನನಗ — ಒಂದು ಕೈಯಲ್ಲಿ ಬ್ಲೀಚಿನ ಡಬ್ಬಿ, ಸೀಸೆ ತುಟಿಯ ಹತ್ತಿರ, ಮೈದಾ ಮೆತ್ತಿದ ಆ ರೆಪ್ಪೆ, ಹೆಸರಿನ ತಲೆಯ ಮೇಲೆ ನಾಲಿಗೆ ಬಂದು ಕೂತಿದೆ, ಶುರುವಾಗಲಿ, ತುಟಿ ಕೂಡಿತು, ತೆರೆಯಿತು, ಭ, ಭರ, ಮೆಟ್ಟಿಲ ಮೇಲಿನ ಅವನು ಮುಖ ಎತ್ತಿದ, ಭರ — ಉಳಿದರ್ಧ ಇನ್ನೂ ನಾಲಿಗೆಯ ಮೇಲೆ, ಮೈದಾ ಮೆತ್ತಿದ ರೆಪ್ಪೆ, ಮಿಟುಕದೆ ಕಾಯುತ್ತಿದೆ, ಬಿಳಿ ರೆಪ್ಪೆ